ಐವತ್ತು ಹರ್ಟ್ಸ್

ಮೂರನೇ ವರ್ಷಕ್ಕೆ ನಮ್ಮನ್ನು ಆಸ್ಪತ್ರೆಗೆ ಕಳಿಸುತ್ತಾರೆ,
ಮುಂಬಾಗಿಲಿಂದಲ್ಲ.
ಬಟ್ಟೆ ಒಗೆಯುವ ಕೋಣೆ ದಾಟಿ
ಶವಾಗಾರದ ನೀಲಿ ಗೇಟಿಗೆ ಮುಂಚೆ
ಎಡಕ್ಕೊಂದು ತಗಡಿನ ಬಾಗಿಲು.
ಒಳಗೆ ದಾನ ಬಂದ ಯಂತ್ರಗಳು
ಒಂದಕ್ಕೊಂದು ಆನಿಕೊಂಡು ನಿಂತಿವೆ,
ಎಂಬರಾರದಿಂದ ಕಂಪಾಲಾಕ್ಕೆ ಹೋಗುವ
ರಾತ್ರಿ ಬಸ್ಸಿನ ಜನರ ಹಾಗೆ.

ನೂರಹತ್ತು ವೋಲ್ಟಿನ ನಾಡಿನವು
ಇಲ್ಲಿನ ಇನ್ನೂರನಲವತ್ತಕ್ಕೆ ಬಾಯಿಟ್ಟು ಸುಟ್ಟುಕೊಂಡವು.
ಒಂದರ ಕೈಪಿಡಿ ಜರ್ಮನಿನಲ್ಲಿದೆ.
ಇನ್ನೊಂದಕ್ಕೆ ಕೈಪಿಡಿಯೇ ಇಲ್ಲ,
ಹಸಿರು ಚೀಟಿ ಮಾತ್ರ: ಪ್ರೀತಿಯಿಂದ.

ಇಡೀ ಸೆಮಿಸ್ಟರ್ ಬೋರ್ಡಿನ ಮೇಲೆ
ಹೃದಯ ಬರೆದದ್ದೇ ಬರೆದದ್ದು.
ರಕ್ತವೆಂದರೆ ಕರೆಂಟು, ಒತ್ತಡವೆಂದರೆ ವೋಲ್ಟೇಜು,
ಎರಡು ರೆಸಿಸ್ಟರು, ಒಂದು ಕೆಪ್ಯಾಸಿಟರು.
ಪರೀಕ್ಷೆಯಲ್ಲಿ ನನ್ನ ಹೃದಯಕ್ಕೆ ನಲವತ್ತೊಂದು.
ಅಮ್ಮನಿಗೆ ಹೇಳಿಲ್ಲ.
ಸಂತೆಯಲ್ಲಿ ಮಟೂಕೆ ಗೊನೆ ಮಾರುತ್ತಾ
ಅವಳು ಎಲ್ಲರಿಗೂ ಮಗಳು ಡಾಕ್ಟರು ಅನ್ನುತ್ತಾಳೆ.
ಅಲ್ಲಮ್ಮ, ಯಂತ್ರಗಳ ಡಾಕ್ಟರು ಎಂದು ತಿದ್ದಿದರೆ
ಯಂತ್ರಕ್ಕೂ ಜ್ವರ ಬರುತ್ತಾ? ಅನ್ನುತ್ತಾಳೆ.

ಬರುತ್ತದೆ.

ಇವತ್ತು ತುಮ್ವೆಬಾಜೆ ಮೇಷ್ಟ್ರು ನನ್ನ ಮುಂದಿಟ್ಟದ್ದು
ಒಂದು ಇಸಿಜಿ.
ಮುಚ್ಚಳ ಬಿಚ್ಚಿದರೆ ಜಿರಲೆ ಸಂಸಾರ.
ಒಂದು ಫ್ಯೂಸು, ಎರಡು ಬೆಸುಗೆ,
ಬಣ್ಣದ ಕುಂಚದಿಂದ ಧೂಳು ಗುಡಿಸಿದ್ದಷ್ಟೇ,
ಪರದೆ ಕಣ್ಣು ಬಿಟ್ಟಿತು.
ಪರೀಕ್ಷಿಸಲು ರೋಗಿ ಬೇಕು. ನಾನಿದ್ದೆ.
ಮಣಿಕಟ್ಟಿಗೆರಡು ಕ್ಲಿಪ್ಪು, ಕಾಲಿಗೆರಡು.

ಬಂದದ್ದು ಗೆರೆಯಲ್ಲ,
ಗಾಳಿಗೆ ಸಿಕ್ಕ ಹುಲ್ಲು. ದಪ್ಪ ಪಟ್ಟಿ, ಗಡಗಡ.
‘ಅದು ನೀನಲ್ಲ’ ಅಂದರು ಮೇಷ್ಟ್ರು,
‘ಗೋಡೆಯೊಳಗಿನ ತಂತಿ. ಐವತ್ತು ಹರ್ಟ್ಸ್.’
ಜಿಂಜಾದ ಅಣೆಕಟ್ಟಿನಿಂದ
ಕಂಬ ಕಂಬ ಹಿಡಿದು ಗುನುಗುತ್ತ ಬಂದ ನೈಲ್ ನದಿ
ನನ್ನ ಚರ್ಮದ ಮೇಲೆ ಕೂತಿತ್ತು.

ಫಿಲ್ಟರಿನ ಸಮೀಕರಣ ನೆನಪಾಯಿತು, ಅರ್ಧ.
ಅವರು ಎದ್ದು ಫೋನಿನ ಚಾರ್ಜರು ಕಿತ್ತರು,
ಟ್ಯೂಬ್‌ಲೈಟು ಆರಿಸಿದರು.

ಕತ್ತಲಲ್ಲಿ
ಹುಲ್ಲು ಮಲಗಿತು.
ಸಣ್ಣ ದಿಬ್ಬ, ಚೂಪು ಶಿಖರ, ಅಗಲ ದಿಬ್ಬ.
ಮತ್ತೆ ಅದೇ.
ನಲವತ್ತೊಂದು ಅಂಕದ್ದು,
ನಡೆಯುತ್ತಿದೆ.

ಬಾಗಿಲಲ್ಲಿ ಸಿಸ್ಟರ್ ಕೆಮಿಗಿಶಾ.
ಯಾರ ಹೃದಯ ಎಂದು ಕೇಳಲಿಲ್ಲ,
ಏನಾಗಿತ್ತು ಎಂದೂ.
‘ಚಕ್ರ ಉರುಳುತ್ತಾವಾ?’ ಅಂದರು,
‘ವಾರ್ಡು ದಿಣ್ಣೆಯ ಮೇಲಿದೆ.’

ಒಂದು ಉರುಳುತ್ತಿರಲಿಲ್ಲ.
ಅದಕ್ಕೆ ಯಾವ ಸೆಮಿಸ್ಟರಿನಲ್ಲೂ ಪಾಠವಿಲ್ಲ.
ಆ ಬದಿಯನ್ನು ನಾನು ಎತ್ತಿ ಹಿಡಿದೆ.