ಎರಡು ಹೊರಸಿನ ಅಂಗಳ

ನನ್ನ ನಕ್ಷೆಯಲ್ಲಿ ಅಂಗಳ ಹನ್ನೆರಡಕ್ಕೆ ಹತ್ತಡಿ.
ಖಾಜಾಬಿ ಟೀಚರ್ ಅಡಿಲೆಕ್ಕ ನಂಬುವವರಲ್ಲ.
ಗಂಗಾವತಿಯ ಆ ಖಾಲಿ ಸೈಟಿಗೆ
ಆಟೋದಲ್ಲಿ ಎರಡು ಹೊರಸು ತಂದಿಳಿಸಿ
ಸುಣ್ಣದ ಗೆರೆಯೊಳಗೆ ಹಾಕಿ
ಚಪ್ಪಲಿ ಬಿಟ್ಟು ಮಲಗಿಯೇಬಿಟ್ಟರು,
ಮಟಮಟ ಮಧ್ಯಾಹ್ನ.
ಇನ್ನೊಂದರ ಮೇಲೆ ತಂಗಿ, ಛತ್ರಿ ಹಿಡಿದು.

"ಚುಕ್ಕಿ ಸಾಲಂಗಿಲ್ಲ ತಮ್ಮಾ,
ಇನ್ನೊಂದು ಮೊಳ ಬಿಡು."

ಮೇಸ್ತ್ರಿ ಮುದುಕಪ್ಪ ನಗುತ್ತ ದಾರ ಸರಿಸಿದ.
ಹಾಲಿನಲ್ಲಿ ಸೋಫಾ ಹಿಡಿಯುವುದಿಲ್ಲ ಈಗ.

ಭತ್ತದ ಹೊಟ್ಟಿನಲ್ಲಿ ಬೆಂದ ಇಟ್ಟಿಗೆ,
ಒಂದೊಂದಕ್ಕೂ ಒಂದೊಂದು ಕೆಂಪು.
ಗಿಲಾವು ಬೇಡ ಅಂದವನು ನಾನೇ.
ಮುಚ್ಚಿಕೊಳ್ಳಲು ಏನೂ ಉಳಿದಿಲ್ಲ,
ನನ್ನ ತಪ್ಪೂ ಸೇರಿ.

ಗೋಡೆ ಎದೆಮಟ್ಟ ಎದ್ದ ರಾತ್ರಿ
ಒಬ್ಬನೇ ಹೋಗಿ, ಬೇವಿನ ಸಸಿಯ ಗುಂಡಿ ದಾಟಿ,
ಬರಿನೆಲದ ಮೇಲೆ ಮಲಗಿ ನೋಡಿದೆ.

ಟೀಚರು
ಒಂದು ಗೇಣು ಕಡಿಮೆಯೇ ಕೇಳಿದ್ದರು.