ಕಾಯುವವರ ಬಾಡಿಗೆ

ಕುರ್ಚಿಯ ಬೆನ್ನಿನ ಹಿತ್ತಾಳೆ ಪಟ್ಟಿಗೆ ಎರಡೇ ತಿರುಪು.
ಇಪ್ಪತ್ತಾರು ವರ್ಷದಲ್ಲಿ ಎಷ್ಟು ಹೆಸರು ಬಿಚ್ಚಿದೆನೋ
ಲೆಕ್ಕವಿಟ್ಟಿಲ್ಲ. ನಾನು ಈ ಶಾಸನಸಭೆಯ ಬಾಗಿಲು ಕಾಯುವವನು:
ನಾನೂರು ಜನರನ್ನು ಒಳಬಿಡುವುದು, ಗಂಟೆಯಾದರೆ ಕದ ಹಾಕುವುದು,
ಸೋತವರ ಹೆಸರನ್ನು ಲಕೋಟೆಗೆ ಹಾಕಿ ಮನೆಗೆ ಕಳಿಸುವುದು.

ಓವೀಡ್ ಲಾರೊಶೆಲ್, ನಿನ್ನದನ್ನು ಬಿಚ್ಚಿದ್ದು ಎರಡು ಸಲ.

ವರ್ಷಕ್ಕೆ ನೂರು ಡಾಲರ್ ಸಂಬಳ ಇಲ್ಲಿ. ನಗಬೇಡಿ,
ಅದರಲ್ಲೂ ತೆರಿಗೆ ಹಿಡಿದೇ ಚೆಕ್ಕು ಕೊಡುತ್ತಾರೆ.
ಉತ್ತರದ ಕೊನೆಯ ಊರಿಂದ, ಬೆಟ್ಟದ ಕಂಡಿ ದಾಟಿ,
ಹಿಮ ತಳ್ಳುವ ಲಾರಿಯ ಹಿಂದೆ ಹಿಂದೆ
ಮೂರು ಗಂಟೆ ಓಡಿಸಿಕೊಂಡು ಬರುತ್ತಿದ್ದೆ,
ಪಕ್ಕದ ಸೀಟಿನಲ್ಲಿ ಫ್ಲಾಸ್ಕು, ಮೊಟ್ಟೆಯ ಬ್ರೆಡ್ಡು,
ಹೆಂಡತಿ ಇಸ್ತ್ರಿ ಮಾಡಿದ ಒಂದೇ ಒಂದು ಟೈ.

ಕಾಗದದ ಕಾರ್ಖಾನೆ ನಿನ್ನ ಬಲಗೈಯ ಎರಡು ಬೆರಳು ತಿಂದಿತ್ತು.
ಉಳಿದ ಮೋಟಿನಿಂದಲೇ ಗುಂಡಿ ಒತ್ತುತ್ತಿದ್ದೆ,
ಹಸಿರಿಗೂ ಅದೇ, ಕೆಂಪಿಗೂ ಅದೇ.
ನಿನ್ನ ಮೊದಲ ಭಾಷಣದ ನಡುವೆ ರಾಜಧಾನಿಯವನೊಬ್ಬ
"ನಿಮ್ಮೂರು ಕೊಳೆತ ಎಲೆಕೋಸಿನ ಹಾಗೆ ನಾರುತ್ತದಲ್ಲ" ಅಂದ.
"ಹೌದು ಸ್ವಾಮಿ, ನಿಮ್ಮ ಕೈಯಲ್ಲಿರುವ ಹಾಳೆ ಹುಟ್ಟಿದ್ದು ಅಲ್ಲೇ,
ಮೂಸಿ ನೋಡಿ" ಅಂದೆ.
ನಾಲ್ಕು ಸಾಲಿನವರು ಮೂಸಿಯೇ ಬಿಟ್ಟರು. ಬಾಗಿಲಲ್ಲಿ ನಾನೂ.

ಅದೇ ಕಾರ್ಖಾನೆಗೆ ಸಾಲ ಕೊಡುವ ಮಸೂದೆ ಬಂದಾಗ
ಎದ್ದು ನಿಂತು ಬೇಡಿಕೊಂಡೆ. ಹಸಿರು. ಹನ್ನೊಂದು ಮತದ ಗೆಲುವು.
ಮಾಲೀಕರು ದುಡ್ಡು ತೆಗೆದುಕೊಂಡರು, ಚಿಮಣಿಗೆ ಬಣ್ಣ ಹೊಡೆಸಿದರು,
ಎರಡನೇ ಮಾಗಿಗೆ ಯಂತ್ರ ಕಳಚಿ ರೈಲಿಗೆ ಹೇರಿದರು.
ಕಳಚುವ ಕೂಲಿಗೆ ನಿನ್ನ ತಮ್ಮ ರೆಮಿಯೇ ಹೋಗಿದ್ದನಂತೆ,
ಎಂಟು ವಾರ, ಅಲ್ಲಿಗೆ ಮುಗಿಯಿತು.
ಆ ಚುನಾವಣೆಯಲ್ಲಿ ಒಂಬತ್ತು ಮತದಿಂದ ಸೋತೆ.
"ಒಂಬತ್ತರಲ್ಲಿ ರೆಮಿಯ ಮನೆಯದೇ ಐದು,"
ಲಕೋಟೆ ಒಯ್ಯಲು ನೀನೇ ಬಂದು ಹೇಳಿದೆ, ನಗಲಿಲ್ಲ.

ಎರಡು ವರ್ಷ ಕಳೆದು ಮತ್ತೆ ಬಂದೆ.
ತಿರುಪು ಅದೇ, ತೂತು ಸ್ವಲ್ಪ ಸಡಿಲ.

ನಿನ್ನ ಹೆಸರಿನಲ್ಲಿ ಪಾಸಾದದ್ದು ಒಂದೇ ಕಾನೂನು.
ನಿಮ್ಮ ಕಡೆ ಮಾಗಿಯಲ್ಲಿ ನೆಲ ಕಬ್ಬಿಣ, ಗುದ್ದಲಿ ಇಳಿಯದು;
ಡಿಸೆಂಬರಿನಲ್ಲಿ ಸತ್ತವರು ಊರಾಚೆಯ ಕಲ್ಲುಕೋಣೆಯಲ್ಲಿ
ಮೇ ತಿಂಗಳವರೆಗೆ ಸಾಲಾಗಿ ಮಲಗಿ ಕಾಯುತ್ತಾರೆ.
ಅದಕ್ಕೆ ತಿಂಗಳ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಿತ್ತು ಪುರಸಭೆ.
"ಸತ್ತವರಿಗೇನು ಓಟಿದೆಯೇ, ಇಷ್ಟು ಹೊತ್ತು ಅವರ ಮಾತು?"
ಹಿಂದಿನ ಸಾಲಿನಿಂದ ಯಾರೋ.
"ಓಟಿಲ್ಲ. ಅದಕ್ಕೇ ಬಾಡಿಗೆಯೂ ಬೇಡ."
ಕೂತುಬಿಟ್ಟೆ. ಇನ್ನೂರೆಪ್ಪತ್ತು ಹಸಿರು ಹೊತ್ತಿಕೊಂಡವು.
ಪತ್ರಿಕೆಯಲ್ಲಿ ನಾಲ್ಕು ಸಾಲು, ಹವಾಮಾನದ ಕೆಳಗೆ.

ಈ ಜನವರಿ ಹದಿನೆಂಟಕ್ಕೆ ನೀನು ಬರಲಿಲ್ಲ.
ಅಂಗಳದ ಹಿಮ ಎತ್ತುತ್ತಿದ್ದಾಗ, ಎಂದರು.
ಎಲ್ಲರೂ ಒಂದು ನಿಮಿಷ ನಿಂತರು. ನಾನು ತಿರುಪುಳಿ ತಂದೆ.
ಕುರ್ಚಿಯ ಕೆಳಗಿನ ಗೂಡಿನಲ್ಲಿ ಕೆಮ್ಮಿನ ಮಾತ್ರೆ,
ಪೆಟ್ರೋಲಿನ ರಸೀದಿ, ರಬ್ಬರ್‌ಬ್ಯಾಂಡು,
ರೆಮಿಗೆ ಬರೆಯತೊಡಗಿ ಬಿಟ್ಟ ಒಂದು ಕಾರ್ಡು:
"ಗುಂಡಿ ಒತ್ತಿದ್ದು ನಾನೇ"
ಮುಂದೆ ಖಾಲಿ.

ಮಾರ್ಚಿನಲ್ಲಿ ಉಪಚುನಾವಣೆ ಗೆದ್ದು ಬಂದ ಹುಡುಗಿ,
ಉಗುರಿಗೆ ನೀಲಿ ಬಣ್ಣ, "ಇಲ್ಲಿ ಮುಂಚೆ ಯಾರಿದ್ದರು?" ಎಂದಳು.
ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು; ಕದ ಹಾಕಬೇಕಿತ್ತು.

ನಿನ್ನ ಹೆಸರು, ಆ ಕಾರ್ಡು, ಒಂದೇ ಲಕೋಟೆಯಲ್ಲಿ
ನನ್ನ ಕೋಟಿನ ಜೇಬಿನಲ್ಲಿವೆ ಓವೀಡ್, ಅಂಚೆಗೆ ಹಾಕಿಲ್ಲ.
ನಿನ್ನೆ ರೆಮಿ ಫೋನು ಮಾಡಿದ್ದ:
ನೆಲ ಇನ್ನೂ ಬಿಟ್ಟುಕೊಟ್ಟಿಲ್ಲ, ಮೇ ಎರಡನೇ ವಾರವಾಗಬಹುದು.
ಕೋಣೆಗೆ ಬಾಡಿಗೆ ಕೇಳಿದರೇ, ಎಂದೆ.
ಇಲ್ಲ, ಯಾವುದೋ ಕಾನೂನಿದೆಯಂತೆ, ಎಂದ.
ಆಮೇಲೆ ಇಬ್ಬರೂ ತುಂಬ ಹೊತ್ತು ಫೋನು ಇಡಲಿಲ್ಲ.