ಎಂಬತ್ತೆರಡು

ಬೆಳಗಿನ ಐದಕ್ಕೆ ಶಹಾಬಜಾರಿನ ತಾಲೀಮಿನಲ್ಲಿ
ನಬಿಸಾಬ ಉಸ್ತಾದರು ನನ್ನ ಕಾಲುಗಳನ್ನು ಬೆಂಚಿಗೆ ಬಿಗಿಯುತ್ತಾರೆ,
ಸೈಕಲ್ಲಿನ ಕ್ಯಾರಿಯರಿಗೆ ಜೋಳದ ಚೀಲ ಕಟ್ಟಿದ ಹಾಗೆ,
ಎರಡು ಸುತ್ತು, ಒಂದು ಎಳೆತ.
"ಹಗುರ ಅದಾವ ಬೇಟಿ, ಹಾರಿ ಹೋದಾವು."
ಏಪ್ರಿಲ್ಲು. ಸೂರ್ಯ ಇನ್ನೂ ಎದ್ದಿಲ್ಲ,
ಕಬ್ಬಿಣ ಆಗಲೇ ಬೆಚ್ಚಗಿದೆ.

ರಾಡು ಎದೆಗಿಳಿಯಬೇಕು,
ಎದೆಯ ಮೇಲೆ ಅಲುಗದೆ ನಿಲ್ಲಬೇಕು,
ಆಮೇಲೆ ಎರಡೂ ತೋಳು ಒಂದೇ ಸಮ ಏರಬೇಕು.
ಎಡಗೈ ಒಂದು ಬೆರಳಷ್ಟು ಹಿಂದುಳಿದರೂ ಕೆಂಪು ದೀಪ.
ಇಷ್ಟೇ ಆಟ.
"ಅವಸರ ಮಾಡಬ್ಯಾಡ. ನಿಲ್ಲೋದು ಕಲಿ" ಅನ್ನುತ್ತಾರೆ ಉಸ್ತಾದರು.
ಹುಟ್ಟಿದಾಗಿನಿಂದ ಒಂದು ದಿನವೂ ನಿಂತವಳಲ್ಲ ನಾನು.
ಇಬ್ಬರಿಗೂ ಗೊತ್ತು. ಇಬ್ಬರೂ ನಗುವುದಿಲ್ಲ.

ಎಂಟೂವರೆಗೆ ಸಂಖ್ಯಾಶಾಸ್ತ್ರ, ಎರಡನೇ ಮಹಡಿ.
ಲಿಫ್ಟಿನ ಬಾಗಿಲಿಗೆ ಹೋದ ಸೆಪ್ಟೆಂಬರಿನ ಚೀಟಿ:
ದುರಸ್ತಿಯಲ್ಲಿದೆ.
ಗಾಲಿಕುರ್ಚಿ ಕೆಳಗೆ ಬಿಟ್ಟು, ಬ್ಯಾಗು ಕೊರಳಿಗೆ ಹಾಕಿ,
ಅಂಗೈ ಊರಿ, ಬೆನ್ನು ಮುಂದಾಗಿ,
ಮೂವತ್ನಾಲ್ಕು ಮೆಟ್ಟಿಲು.
ಮೇಲಿನಿಂದ ನಂದೂರ ಮೇಡಂ:
"ಏನು ಸಾಲೋಮಿ, ಇಲ್ಲೂ ಲಿಫ್ಟೇ?"
ಕೆಟ್ಟ ಮನಸ್ಸಲ್ಲ. ಆ ಚೀಟಿಯ ವಿರುದ್ಧ
ನಾಲ್ಕು ಅರ್ಜಿಗೆ ಮೊದಲ ಸಹಿ ಅವರದೇ.

ಹಾಜರಿ ಅರವತ್ತೆಂಟು. ಬೇಕಾದ್ದು ಎಪ್ಪತ್ತೈದು.
ನಾಗಪುರದ ಆಯ್ಕೆಗೆ ಐದು ದಿನ ರಜೆ ಕೇಳಿದರೆ
ಆಫೀಸಿನವ ಫಾರ್ಮು ತಿರುಗಿಸಿ ತೋರಿಸಿದ:
"ಕ್ರೀಡಾಪಟು ಅಂತ ಬರೀತೀರೋ, ಅಂಗವಿಕಲ ಅಂತಲೋ?
ಎರಡೂ ಟಿಕ್ ಮಾಡಿದ್ರ ಕಂಪ್ಯೂಟರ್ ತಗೊಳ್ಳಂಗಿಲ್ಲ ನೋಡ್ರಿ."

ತೂಕ ಐವತ್ತು ದಾಟಬಾರದು. ರಾತ್ರಿ ಐವತ್ತು ಪಾಯಿಂಟ್ ನಾಲ್ಕು.
ಹಾಸ್ಟೆಲ್ಲಿನಲ್ಲಿ ಪುಂಡಿಪಲ್ಲೆಯ ಹುಳಿ ವಾಸನೆ.
ಅಂಬುಬಾಯಿ ರೊಟ್ಟಿ ಮುರಿಯುವ ಸದ್ದು ನನ್ನ ಹಲ್ಲಿಗೆ ಕೇಳುತ್ತದೆ.
ಖಾಲಿ ಹೊಟ್ಟೆಯಲ್ಲಿ ಓದುತ್ತೇನೆ:
ಅಧ್ಯಾಯ ಒಂಬತ್ತು, ಅಪೌಷ್ಟಿಕತೆ, ಕಾರಣಗಳು.
ಬೀದರಿನಿಂದ ಅವ್ವ: "ಉಂಡೇನು?"
ಉಂಡೆ, ಅಂದೆ. ಅಷ್ಟು ಸುಳ್ಳಿಗೆ ತೂಕವಿಲ್ಲ.

ಶನಿವಾರ ಆಳಂದದ ಆಚೆ ಸರ್ವೆ.
ಆಶಾ ಕಾರ್ಯಕರ್ತೆ ನನ್ನ ಕುರ್ಚಿ ತಳ್ಳಿದಳು, ಚಕ್ರಕ್ಕೆಲ್ಲ ಕರಿಮಣ್ಣು.
ನೂರಾ ಹದಿನೇಳನೆಯವಳು ಗುಂಡಮ್ಮ.
ವಯಸ್ಸು: "ನಲವತ್ತಿರಬೇಕು, ನೀವೇ ಬರಕೋರಿ."
ತೂಕ ನಲವತ್ತೊಂದು.
ಬೆರಳು ಚುಚ್ಚಿದರೆ ರಕ್ತ ಬರಲು ಹಿಂದೆಮುಂದೆ ನೋಡಿತು,
ಬಂದದ್ದೂ ತೆಳುವು. ಏಳು ಪಾಯಿಂಟ್ ಎರಡು.
ನನ್ನ ತೋಳು ಹಿಚುಕಿ ನೋಡಿದಳು, ಬದನೆಕಾಯಿ ಆರಿಸುವವಳ ಹಾಗೆ.
"ಎಟ್ಟು ಎತ್ತತಿ?"
"ಎಂಬತ್ತೆರಡು."
ತುಸು ಹೊತ್ತು ತುಟಿ ಅಲುಗಿಸಿ ಲೆಕ್ಕ ಹಾಕಿದಳು:
"ಅಂದ್ರ ನನ್ನಂಥಾಕಿ ಇಬ್ರು."
ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು,
"ಒಮ್ಮಿ ಎತ್ತೇ ಬಿಡು ಯವ್ವಾ.
ನನ್ನ ಯಾರೂ ಎತ್ತಿಲ್ಲ. ಮದುವಿ ದಿನಾನೂ ನಡಕೋತೇ ಬಂದೀನಿ."

ಕಬ್ಬಿಣದ ಮಾತ್ರೆ ಮೂವತ್ತು ಕೊಟ್ಟೆ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು.
ನನ್ನ ಪ್ರಬಂಧದಲ್ಲಿ ಅವಳು ಒಂದು ಸಾಲು,
ಸರಾಸರಿಯನ್ನು ಚೂರು ಕೆಳಗೆಳೆಯುವ ಸಾಲು.
ಎತ್ತುವ ಸೂತ್ರ ಆ ಪುಸ್ತಕದಲ್ಲಿಲ್ಲ.

ಫಾರ್ಮು ಇನ್ನೂ ಬ್ಯಾಗಿನಲ್ಲೇ ಇದೆ,
ಎರಡೂ ಚೌಕ ಖಾಲಿ.

ಮತ್ತೆ ಐದು ಗಂಟೆ. ಮತ್ತೆ ಎರಡು ಸುತ್ತು, ಒಂದು ಎಳೆತ.
ಉಸಿರು ತುಂಬಿಕೊಂಡು ರಾಡು ಇಳಿಸುತ್ತೇನೆ.
ಈ ತುದಿಗೊಬ್ಬ ಗುಂಡಮ್ಮ, ಆ ತುದಿಗೊಬ್ಬ ಗುಂಡಮ್ಮ,
ಕಾಲು ಇಳಿಬಿಟ್ಟು ಕೂತಿದ್ದಾರೆ, ಬಸ್ಸು ಬಂದೀತು ಎಂಬಂತೆ.
ಎಡಗೈ ಒಂದು ಬೆರಳು ತಗ್ಗಿದರೆ ಒಬ್ಬಳು ಜಾರುತ್ತಾಳೆ.

"ನಿಲ್ಲು" ಅನ್ನುತ್ತಾರೆ ಉಸ್ತಾದರು.
ಎದೆಯ ಮೇಲೆ ಎಂಬತ್ತೆರಡು, ಅಲುಗದೆ.

"ಮೆಲ್ಲಕ ಯವ್ವಾ" ಅನ್ನುತ್ತಾಳೆ ಎಡಗಡೆಯವಳು,
"ನನಗ ರೂಢಿ ಇಲ್ಲ."